ಈಜು ಬಿಟ್ಟ ಬೇಸಿಗೆ

ರವೀಂದ್ರನಗರದ ನಮ್ಮ ಬೀದಿಯಲ್ಲಿ ಬೆಳಗ್ಗೆ ಎಲ್ಲಕ್ಕಿಂತ ಮೊದಲು ತೆರೆಯುತ್ತಿದ್ದದ್ದು ಉಮಾಮಹೇಶ್ವರಿಯವರ ಮನೆಯ ಗೇಟು. ಹಾಲಿನವನೂ ಬಂದಿರುತ್ತಿರಲಿಲ್ಲ. ಗೇಟಿನ ಸದ್ದಾದ ಸ್ವಲ್ಪ ಹೊತ್ತಿಗೆ ಬೀದಿದೀಪಗಳ ಕೆಳಗೆ ಒಂದು ಸೈಕಲ್ಲು ಸರಿದುಹೋಗುವುದು ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಅದರ ಮೇಲೆ ಒಬ್ಬ ಹುಡುಗಿ, ಬೆನ್ನಿಗೆ ಚೀಲ, ಕಣ್ಣು ಇನ್ನೂ ಅರ್ಧ ನಿದ್ದೆಯಲ್ಲಿ. ಅವಳೇ ಸ್ಫೂರ್ತಿ, ಉಮಾಮಹೇಶ್ವರಿಯವರ ತಮ್ಮನ ಮಗಳು. ಮನೆ ಇರುವುದು ಭದ್ರಾವತಿಯ ಜನ್ನಾಪುರದಲ್ಲಿ. ಈಜುಕೊಳ ಹತ್ತಿರವಾಗಲಿ ಎಂದು ಚಿಕ್ಕಂದಿನಿಂದಲೂ ಅತ್ತೆಯ ಮನೆಯಲ್ಲೇ ಇದ್ದುಕೊಂಡು ಓದುತ್ತಿದ್ದಳು, ಆಗ ಪಿಯುಸಿ. ಅವಳಿಗಾದದ್ದರಲ್ಲಿ ನಾನು ಕಣ್ಣಾರೆ ಕಂಡದ್ದು ಸ್ವಲ್ಪ, ಉಮಾಮಹೇಶ್ವರಿ ಹೇಳಿದ್ದು ಸ್ವಲ್ಪ. ಮಿಕ್ಕದ್ದನ್ನೆಲ್ಲ ಅವಳೇ ಎಷ್ಟೋ ಸಂಜೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದ್ದಾಳೆ.

ಅವಳು ನೀರಿಗಿಳಿದದ್ದು ಆಕಸ್ಮಿಕವಾಗಿ. ಏಳು ವರ್ಷದವಳಿದ್ದಾಗ ಬೇಸಿಗೆ ರಜಕ್ಕೆ ಬಂದಿದ್ದಳು. ಮಧ್ಯಾಹ್ನವೆಲ್ಲ ಮನೆಯಲ್ಲಿ ಗಲಾಟೆ ತಡೆಯಲಾಗದೆ ಉಮಾಮಹೇಶ್ವರಿ ಅವಳನ್ನು ಈಜಿನ ಶಿಬಿರಕ್ಕೆ ಸೇರಿಸಿದರು. ಮೊದಲ ದಿನ ತುಟಿ ನೀಲಿಯಾಗಿ, ಕೂದಲಿಂದ ನೀರು ಸುರಿಸುತ್ತಾ ಬಂದವಳು ಹೇಳಿದ್ದು ಇಷ್ಟೇ: "ಅತ್ತೆ, ನೀರೊಳಗೆ ಯಾರೂ ಮಾತಾಡಲ್ಲ, ಗೊತ್ತಾ?"

ಜನ್ನಾಪುರದ ಅವಳ ಮನೆ ಇರುವುದು ಬಸ್ಸು ಓಡಾಡುವ ರಸ್ತೆಯಲ್ಲಿ. ಮುಂದಿನ ಕೋಣೆಯಲ್ಲೇ ಅವಳ ಅಪ್ಪ ರುದ್ರೇಶನ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕೆಲಸ. ದಿನವಿಡೀ ಸುತ್ತಿಗೆಯ ಪೆಟ್ಟು, ಬಸ್ಸಿನ ಹಾರನ್ನು, ಗಿರಾಕಿಗಳ ಕೂಗು. ಅಂಥ ಮನೆಯಿಂದ ಬಂದ ಮಗುವಿಗೆ ನೀರಿನ ಒಳಗು ಬೇರೆಯದೇ ಲೋಕವಾಗಿ ಕಂಡಿತು. ಅಲ್ಲಿ ಬೆಳಕು ನೆಲದ ಮೇಲೆ ಬಲೆಯ ಹಾಗೆ ಅಲುಗುತ್ತಿತ್ತು. ಕೇಳಿಸುತ್ತಿದ್ದದ್ದು ತನ್ನದೇ ಗುಳ್ಳೆಗಳ ಸದ್ದು, ಅದರ ಹಿಂದೆ ಎಲ್ಲೋ ದೂರದಲ್ಲಿ ಯಾರೋ ಬಾಗಿಲು ತಟ್ಟಿದಂತೆ ತನ್ನ ಎದೆಯ ಬಡಿತ.

ಕೋಚ್ ಶಂಕರನಾರಾಯಣ ಹೆಚ್ಚು ಮಾತಿನ ಮನುಷ್ಯರಲ್ಲ. ಮಕ್ಕಳಿಗೆ ಅವರು ಮೊದಲು ಕಲಿಸುತ್ತಿದ್ದದ್ದು ಕೈಕಾಲು ಬಡಿಯುವುದನ್ನಲ್ಲ, ಉಸಿರು ಬಿಡುವುದನ್ನು. "ಹಿಡ್ಕೋಬೇಡಮ್ಮ, ಬಿಡು. ಪೂರ್ತಿ ಬಿಟ್ರೆ ಮುಂದಿನದು ತಾನಾಗೇ ಬರುತ್ತೆ," ಎನ್ನುತ್ತಿದ್ದರು. ಸ್ಫೂರ್ತಿಗೆ ಅದು ಬೇಗ ಒಲಿಯಿತು. ವೇಗದ ಈಜು ಅವಳದ್ದಲ್ಲ. ಉದ್ದದ ಈಜು, ಆ ಗೋಡೆಯಿಂದ ಈ ಗೋಡೆಗೆ ಮತ್ತೆ ಮತ್ತೆ, ಮನಸ್ಸು ಎಲ್ಲೋ ತೇಲುತ್ತಿರುವಾಗ ದೇಹ ತನ್ನ ಪಾಡಿಗೆ ತಾನು ಹೋಗುವಂಥದ್ದು. ಹದಿನಾರಕ್ಕೆ ಎಂಟುನೂರು ಮೀಟರಿನಲ್ಲಿ ರಾಜ್ಯಮಟ್ಟಕ್ಕೆ ಹೋಗಿ ಬಂದಳು. ಮರುವರ್ಷ ಜೂನಿನಲ್ಲಿ ಮತ್ತೆ ಕೂಟವಿತ್ತು. ಈ ಸಲ ಪದಕ ಖಂಡಿತ ಎಂದು ಶಂಕರನಾರಾಯಣರೇ ಬಾಯಿಬಿಟ್ಟು ಹೇಳಿದ್ದರು.

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ವಾರ ಕೊಳಕ್ಕೆ ಒಬ್ಬ ಯುವ ಡಾಕ್ಟರು ಬಂದರು. ಹೆಸರು ಪ್ರಣವ. ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ. ಓದುತ್ತಿದ್ದರು. ಈಜು ಅಭ್ಯಾಸ ಮಾಡುವ ಮಕ್ಕಳ ಶ್ವಾಸಕೋಶ, ಹೃದಯ ಹೇಗಿರುತ್ತವೆ, ಈಜದ ಅದೇ ವಯಸ್ಸಿನ ಮಕ್ಕಳದ್ದು ಹೇಗಿರುತ್ತವೆ ಎಂದು ಹೋಲಿಸಿ ನೋಡುವುದು ಅವರ ಅಧ್ಯಯನ. ಕೊಳದ ಪಕ್ಕ ಮೇಜು ಹಾಕಿ, ಕೊಳವೆ ಸಿಕ್ಕಿಸಿದ ಒಂದು ಯಂತ್ರವಿಟ್ಟುಕೊಂಡರು. ಮಕ್ಕಳು ಸಾಲಾಗಿ ನಿಂತು ಆ ಕೊಳವೆಗೆ ಊದಬೇಕು.

"ಊದು, ಊದು, ನಿಲ್ಲಿಸ್ಬೇಡ, ಇನ್ನೂ ಇನ್ನೂ..."

ಸ್ಫೂರ್ತಿ ಊದಿದಳು. ಪ್ರಣವ "ಇನ್ನೂ" ಎನ್ನುವುದನ್ನು ನಿಲ್ಲಿಸಿದರೂ ಅವಳ ಉಸಿರು ನಿಲ್ಲಲಿಲ್ಲ. ಅವರು ಯಂತ್ರ ಕೆಟ್ಟಿತೇನೋ ಎಂದು ಒಮ್ಮೆ ತಟ್ಟಿ ನೋಡಿ, ಮತ್ತೆ ಊದಿಸಿ, ನಕ್ಕುಬಿಟ್ಟರು. "ಎದೆ ಒಳಗೆ ಗೋದಾಮು ಕಟ್ಟಿಸಿದ್ದೀಯೇನಮ್ಮ?"

"ಇದು ಈಜಿದ್ದರಿಂದಾನಾ ಸರ್?" ಎಂದಳು.

"ಬಹುಪಾಲು ಅದರಿಂದಾನೇ. ನೀರು ಎದೆ ಮೇಲೆ ಒತ್ತುತ್ತಾ ಇರುತ್ತಲ್ಲ, ಪ್ರತಿ ಸಲ ಅದನ್ನ ದೂಡಿ ಉಸಿರು ತಗೋಬೇಕು. ಅದೂ ಅರೆಗಳಿಗೆಯಲ್ಲಿ. ಬೆಳೆಯೋ ವಯಸ್ಸಲ್ಲಿ ವರ್ಷಾನುಗಟ್ಟಲೆ ಹಾಗೆ ಮಾಡಿದ್ರೆ ಎದೆಗೂಡಿನ ಸ್ನಾಯು ಗಟ್ಟಿಯಾಗುತ್ತೆ, ಜಾಗಾನೂ ಹೆಚ್ಚುತ್ತೆ. ಹೃದಯದ್ದೂ ಅದೇ ಕಥೆ. ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ದೂಡೋದು ಕಲಿಯುತ್ತೆ. ಆಮೇಲೆ ಸುಮ್ಮನೆ ಕೂತಾಗ ನಿಧಾನಕ್ಕೆ ಬಡಿದ್ರೂ ಸಾಕಾಗುತ್ತೆ."

ಆಮೇಲೆ ಬೆಂಚಿನ ಮೇಲೆ ಮಲಗಿಸಿ ಇಸಿಜಿ ತೆಗೆದರು. ಅವಳ ನಾಡಿ ನಿಮಿಷಕ್ಕೆ ನಲವತ್ತೈದರ ಆಸುಪಾಸು. ಅದಕ್ಕೆ ಅವರು ತಲೆಕೆಡಿಸಿಕೊಳ್ಳಲಿಲ್ಲ. ಆದರೆ ಹೊರಬಂದ ಕಾಗದವನ್ನು ನೋಡುತ್ತಾ ಅವರ ನಗು ಮೆಲ್ಲಗೆ ಆರಿತು. ಅಲೆಯ ಗೆರೆಗಳು ಕೆಲವು ಕಡೆ ಮೇಲೇಳುವ ಬದಲು ತಲೆಕೆಳಗಾಗಿದ್ದವು.

"ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದರೆ ಇತ್ತಾ?"

"ನಮ್ಮ ಚಿಕ್ಕಪ್ಪ ಒಬ್ರು ವಾಲಿಬಾಲ್ ಆಡ್ತಾ ಆಡ್ತಾ ಬಿದ್ದುಬಿಟ್ರಂತೆ. ನಾನು ಹುಟ್ಟೋಕೆ ಮುಂಚೆ. ಯಾಕೆ ಸರ್?"

ಪ್ರಣವ ಶಂಕರನಾರಾಯಣರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಕೋಚ್ ವಾಪಸು ಬಂದು, "ಇವತ್ತು ನೀರಿಗಿಳಿಯೋದು ಬೇಡಮ್ಮ," ಎಂದರು. ಒಂದು ದಿನದ ಮಾತೆಂದುಕೊಂಡು ಅವಳು ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಬಿಸಿಲು ಆಗ ತಾನೇ ನೀರಿನ ತಳ ಮುಟ್ಟುತ್ತಿತ್ತು.

ದುರ್ಗಿಗುಡಿಯಲ್ಲಿ ಹೃದಯತಜ್ಞೆ ಡಾ. ಶ್ರೀಗೌರಿಯವರ ಕ್ಲಿನಿಕ್ಕು. ರುದ್ರೇಶ್ ಅಂಗಡಿ ಮುಚ್ಚಿ ಭದ್ರಾವತಿಯಿಂದ ಬಂದ. ಬೆರಳುಗಳಲ್ಲಿ ವಾರ್ನಿಷಿನ ಕಲೆ ಹಾಗೇ ಇತ್ತು. ಕತ್ತಲೆ ಮಾಡಿದ ಸಣ್ಣ ಕೋಣೆಯಲ್ಲಿ ಸ್ಫೂರ್ತಿಯನ್ನು ಎಡಮಗ್ಗುಲಾಗಿ ಮಲಗಿಸಿ ಎಕೋ ಮಾಡಿದರು. ಪರದೆಯ ಮೇಲೆ ಬೂದುಬಣ್ಣದಲ್ಲಿ ಅವಳ ಹೃದಯ ತೆರೆದು ಮುಚ್ಚುತ್ತಿತ್ತು. ಒಳಗಿನ ಕವಾಟ ಮೀನಿನ ಬಾಯಿಯಂತೆ ಅಲುಗುತ್ತಿತ್ತು. ಅವಳಿಗೆ ಭಯವಾಗಲಿಲ್ಲ. ಇಷ್ಟು ದಿನ ಸದ್ದು ಮಾತ್ರ ಕೇಳಿದ್ದ ಯಾರನ್ನೋ ಮೊದಲ ಸಲ ಮುಖಾಮುಖಿ ನೋಡಿದಂತಾಯಿತು ಎಂದು ನನಗೆ ಹೇಳಿದಳು. ಪರೀಕ್ಷೆ ಮುಗಿಯುವುದೇ ಬೇಡ ಅನ್ನಿಸಿತಂತೆ.

ಶ್ರೀಗೌರಿ ಕುರ್ಚಿ ಎಳೆದುಕೊಂಡು ಅಪ್ಪ ಮಗಳ ಎದುರು ಕೂತರು. "ಹೃದಯದ ಗೋಡೆ ಸ್ವಲ್ಪ ದಪ್ಪ ಇದೆ. ವರ್ಷಗಟ್ಟಲೆ ಈಜಿದವರಿಗೆ ಹಾಗಾಗೋದುಂಟು. ಅದು ಕಾಯಿಲೆ ಅಲ್ಲ, ಅಭ್ಯಾಸದ ಫಲ. ಆದರೆ ವಂಶದಲ್ಲಿ ಬರೋ ಒಂದು ಕಾಯಿಲೇಲೂ ಗೋಡೆ ಹೀಗೇ ದಪ್ಪ ಆಗುತ್ತೆ. ಅದಿದ್ದವರು ಮೇಲುನೋಟಕ್ಕೆ ಚೆನ್ನಾಗೇ ಇರ್ತಾರೆ. ಆಟ ಆಡೋವಾಗ ಇದ್ದಕ್ಕಿದ್ದ ಹಾಗೆ..." ರುದ್ರೇಶನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ನನ್ನ ತಮ್ಮ, ವಿಜಯಕುಮಾರ," ಎಂದ ರುದ್ರೇಶ್.

"ಮಣಿಪಾಲದಲ್ಲಿ ಎಂಆರ್‌ಐ ಮಾಡಿಸೋಣ. ಅದರಲ್ಲೂ ತಿಳೀದಿದ್ರೆ ಒಂದು ದಾರಿ ಇದೆ. ಮೂರು ತಿಂಗಳು ಈಜು ಪೂರ್ತಿ ನಿಲ್ಲಿಸ್ಬೇಕು. ನೀರಿಂದ ಬೆಳೆದಿದ್ದಾದ್ರೆ ಗೋಡೆ ತಾನಾಗೇ ತೆಳ್ಳಗಾಗುತ್ತೆ. ಕಾಯಿಲೆಯಾದ್ರೆ ಹಾಗೇ ಉಳಿಯುತ್ತೆ. ಮತ್ತೆ ರುದ್ರೇಶ್ ಅವರೇ, ತಮ್ಮನಿಗೆ ಹಾಗಾಗಿತ್ತು ಅಂದ್ಮೇಲೆ ನೀವೂ ಒಂದು ಎಕೋ ಮಾಡಿಸ್ಕೊಳ್ಳಿ."

"ಆಗ್ಲಿ ಮೇಡಂ. ಮೊದಲು ಮಗಳದ್ದು ನೋಡೋಣ," ಎಂದು ಅವನು ಎದ್ದುಬಿಟ್ಟ.

ಎಂಆರ್‌ಐ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಹೃದಯದಲ್ಲಿ ಗಾಯದ ಗುರುತಿಲ್ಲ, ಆದರೆ ಗೋಡೆಯ ದಪ್ಪ ಸಹಜಕ್ಕೂ ಕಾಯಿಲೆಗೂ ನಡುವಿನ ಗಡಿಯಲ್ಲಿದೆ ಎಂದಷ್ಟೇ ತಿಳಿಯಿತು. ಜೂನಿನ ಕೂಟ ಕೈತಪ್ಪಿತು. ಶಂಕರನಾರಾಯಣ ಅವಳ ತಲೆ ಮುಟ್ಟಿ, "ಕೊಳ ಎಲ್ಲೂ ಹೋಗಲ್ಲಮ್ಮ. ಹೋಗ್ಬಿಟ್ಟು ಬಾ," ಎಂದರು. ಅವಳು ಚೀಲ ಕಟ್ಟಿಕೊಂಡು ಜನ್ನಾಪುರಕ್ಕೆ ಹೊರಟಳು. ಬಸ್ಸಿನಲ್ಲಿ ರುದ್ರೇಶ್ ಕಿಟಕಿಯಾಚೆ ನೋಡುತ್ತಾ, "ಲೋಡು ಬಿದ್ದಾಗ ನಿಧಾನ ಆದ ಮೋಟರು ಒಳಗೊಳಗೇ ಕಾದು ಸುಡ್ತಾ ಇರುತ್ತೆ. ನಲವತ್ತೈದು ಬಡಿತ ಅಂದ್ರೆ ನನಗೆ ಭಯ ಆಗಲ್ವಾ?" ಎಂದ.

"ನಾನು ಮೋಟರಲ್ಲ ಅಪ್ಪಾಜಿ," ಎಂದಳು ಸ್ಫೂರ್ತಿ. ಅವನು ನಗಲಿಲ್ಲ.

ಅಲ್ಲಿಂದ ಶುರುವಾಯಿತು ಆ ವಿಚಿತ್ರವಾದ ಬೇಸಿಗೆ. ಹತ್ತು ವರ್ಷ ನಸುಕಿನಲ್ಲೆದ್ದು ಕಟ್ಟಿಕೊಂಡ ಹೃದಯ ಕುಗ್ಗಲಿ ಎಂದು ಅವಳು ಬಯಸಬೇಕಿತ್ತು. ಕುಗ್ಗಿದರೆ ಮಾತ್ರ ಅದು ಆರೋಗ್ಯವಂತ ಹೃದಯ. ಗಳಿಸಿದ್ದು ಹಾಗೇ ಉಳಿದರೆ ಅದೇ ರೋಗ. ಅವಳಮ್ಮ ಜಯಶೀಲಾ ದಿನಾ ಬೆಳಗ್ಗೆ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತಾ, ತುಟಿ ಅಲುಗಿಸಿ ಎಣಿಸುತ್ತಿದ್ದರು. ನಾಡಿ ಒಂದಿಷ್ಟು ಚುರುಕಾದ ದಿನ ಅವರ ಮುಖ ಅರಳುತ್ತಿತ್ತು. "ಇವತ್ತು ಜಾಸ್ತಿ ಇದೆ ಕಣೇ!" ಎಂದು ಪಾಯಸ ಮಾಡಿದ್ದೂ ಉಂಟು. ಸ್ಫೂರ್ತಿ ಆ ಪಾಯಸ ತಿನ್ನುವಾಗ ತನ್ನೊಳಗಿಂದ ಏನೋ ಸದ್ದಿಲ್ಲದೆ ಹೊರಟುಹೋಗುತ್ತಿದೆ ಎಂದುಕೊಳ್ಳುತ್ತಿದ್ದಳು.

ಮಾಡಲು ಕೆಲಸವಿರಲಿಲ್ಲ. ತಾರಸಿಯಲ್ಲಿ ಸಂಡಿಗೆ ಒಣಗುತ್ತಿತ್ತು, ಕೆಳಗೆ ಬಸ್ಸುಗಳು ಹೋಗುತ್ತಿದ್ದವು. ಮಧ್ಯಾಹ್ನದ ಹೊತ್ತು ಅವಳು ಅಂಗಡಿಯಲ್ಲಿ ಕೂತು ಅಪ್ಪನಿಗೆ ತಂತಿ ಸುತ್ತಿಕೊಡುತ್ತಿದ್ದಳು. ಹೊಸ ತಾಮ್ರ ಬೆರಳ ಸಂದಿನಲ್ಲಿ ಹೊಳೆಯುತ್ತಾ ಜಾರುತ್ತಿತ್ತು. ಒಂದೊಂದು ಸುತ್ತಿಗೂ ಕಣ್ಣು ಭಾರವಾಗುತ್ತಿತ್ತು. ಅಲ್ಲೇ ಹಳೇ ಸೋಫಾದ ಮೇಲೆ ಒರಗಿದರೆ ನಿದ್ದೆ, ನಿದ್ದೆಯ ತುಂಬ ನೀರು.

ಕನಸಿನಲ್ಲಿ ಜನ್ನಾಪುರವೇ ನೀರೊಳಗಿರುತ್ತಿತ್ತು. ಅಂಗಡಿಗಳ ಬೋರ್ಡುಗಳು ಪಾಚಿಯಂತೆ ಬಳುಕುತ್ತಿದ್ದವು. ಬಸ್ಸುಗಳು ದೀಪ ಹಚ್ಚಿಕೊಂಡು ಸದ್ದಿಲ್ಲದೆ ತೇಲುತ್ತಿದ್ದವು, ಕಿಟಕಿಯಿಂದ ಜನ ಕೈಬೀಸುತ್ತಿದ್ದರು. ಅವಳು ಎಲ್ಲದರ ಮೇಲೆ ಈಜುತ್ತಿದ್ದಳು. ಉಸಿರು ತೆಗೆದುಕೊಳ್ಳಲು ಮೇಲೆ ಬರಬೇಕಾದ ಅವಸರವೇ ಇರಲಿಲ್ಲ. ಒಂದು ಮಧ್ಯಾಹ್ನ ಆ ನೀರಿನ ಮೈದಾನದಲ್ಲಿ ಒಬ್ಬ ಹುಡುಗ ವಾಲಿಬಾಲ್ ಆಡುತ್ತಿದ್ದ. ಬಿಳಿ ಬನಿಯನ್ನು, ತೆಳು ಮೀಸೆಯ ಮುಖ. ಫೋಟೋದಲ್ಲಷ್ಟೇ ನೋಡಿದ್ದ ಚಿಕ್ಕಪ್ಪ. ಅವನು ಜಿಗಿದು ಚೆಂಡು ಹೊಡೆದ. ಚೆಂಡು ಮೇಲೆ, ಇನ್ನೂ ಮೇಲೆ, ಬೆಳಕಿನ ಕಡೆಗೆ ಹೋಯಿತು. ಕೆಳಗೆ ಬರಲೇ ಇಲ್ಲ. ಅವನು ಅದನ್ನೇ ನೋಡುತ್ತಾ ಇವಳಿಗೆ, "ಕಾಯೋಣ ಇರು," ಎಂದ.

ಎದ್ದಾಗ ಅಪ್ಪ ಎದುರಿಗಿದ್ದ. ಅವಳು ಕನಸನ್ನು ಹೇಳಿದಳು. ರುದ್ರೇಶ್ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಆ ಮನೆಯಲ್ಲಿ ತಮ್ಮನ ಹೆಸರೆತ್ತಿದವನೇ ಅಲ್ಲ ಅವನು.

"ವಿಜಿ ಕೂಡ ಹಾಗೇ ಅನ್ನೋನು," ಎಂದ ಕೊನೆಗೆ. "ಕಾಯೋಣ ಇರು ಅಂತ. ಯಾವುದಕ್ಕೂ ಅವಸರ ಇರ್ಲಿಲ್ಲ ಅವನಿಗೆ. ಅವತ್ತು ಫ್ಯಾಕ್ಟರಿ ಗ್ರೌಂಡಲ್ಲಿ ಮ್ಯಾಚು. ನಾನೂ ಅದೇ ಟೀಮಲ್ಲಿದ್ದೆ. ಸರ್ವ್ ಮಾಡೋಕೆ ಚೆಂಡು ಎತ್ತಿದ. ಅಷ್ಟೇ. ಕಾಲು ಜಾರಿತೇನೋ ಅಂದ್ಕೊಂಡು ನಾವೆಲ್ಲ ನಕ್ಕುಬಿಟ್ವಿ ಮಗಳೇ."

ಸ್ಫೂರ್ತಿ ಅಪ್ಪನ ಪಕ್ಕ ಹೋಗಿ ಕೂತಳು. ಅವನು ಇನ್ನೂ ಏನೇನೋ ಹೇಳಿದ: ತಮ್ಮನ ಹಾಡಿನ ಹುಚ್ಚು, ಅವನಿಗೆ ನೋಡಿಟ್ಟಿದ್ದ ಹೆಣ್ಣು. ಅಷ್ಟರಲ್ಲಿ ಒಬ್ಬ ಗಿರಾಕಿ ಮೋಟರ್ ತಂದಿಳಿಸಿದ. ರುದ್ರೇಶ್ ಅದನ್ನೆತ್ತಿ ಮೇಜಿಗಿಟ್ಟು, ಮೇಜಿನ ಅಂಚನ್ನೇ ಹಿಡಿದು ಸ್ವಲ್ಪ ಹೊತ್ತು ನಿಂತ. ಹತ್ತು ವರ್ಷ ಉಸಿರನ್ನೇ ಕಲಿತಿದ್ದ ಹುಡುಗಿ ಅವಳು. ಅವನ ಉಸಿರು ಅರ್ಧಕ್ಕೆ ಬಂದು ತಡೆದು, ಮತ್ತೆ ಅರ್ಧ ಬರುತ್ತಿದ್ದದ್ದು ಅವಳಿಗೆ ತಟ್ಟನೆ ತಿಳಿಯಿತು.

"ಅಪ್ಪಾಜಿ, ಯಾವಾಗಿಂದ ಹೀಗೆ?"

"ಏನು? ವಯಸ್ಸಾಗ್ಲಿಲ್ವಾ ಮಾರಾಯ್ತಿ."

"ನಲವತ್ತೆಂಟೇನು ವಯಸ್ಸಲ್ಲ. ಡಾಕ್ಟರು ನಿಮಗೂ ಎಕೋ ಮಾಡಿಸಿ ಅಂದಿದ್ರು."

"ಮಾಡಿಸ್ತೀನಿ ಬಿಡು. ಮೊದಲು ನಿಂದು."

"ಒಟ್ಟಿಗೇ ಮಾಡಿಸೋಣ. ನೀವು ಮಾಡಿಸ್ಕೊಳ್ಳಲ್ಲ ಅಂದ್ರೆ ನಾನೂ ಒಳಗೆ ಹೋಗಲ್ಲ."

ಮಗಳು ಅಷ್ಟು ಗಡುಸಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಒಪ್ಪಿಕೊಂಡ.

ಜುಲೈ ಮೊದಲ ವಾರ ಇಬ್ಬರೂ ದುರ್ಗಿಗುಡಿಗೆ ಬಂದರು. ಉಮಾಮಹೇಶ್ವರಿ ಕೂಡ ಜೊತೆಗಿದ್ದರು. ಮೊದಲು ಸ್ಫೂರ್ತಿ ಮಲಗಿದಳು. ಅದೇ ಬೂದು ಪರದೆ. ಶ್ರೀಗೌರಿ ಗೋಡೆಯನ್ನು ಒಮ್ಮೆ ಅಳೆದರು, ಇನ್ನೊಮ್ಮೆ ಅಳೆದರು, ಹಳೆಯ ಚಿತ್ರ ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ಕೈ ಚಾಚಿ ಅವಳ ಕೆನ್ನೆ ತಟ್ಟಿದರು. "ಇಳಿದಿದೆ ಕಣಮ್ಮ. ಚೆನ್ನಾಗಿ ಇಳಿದಿದೆ."

ಹೊರಗೆ ಅತ್ತೆ ಕೈಮುಗಿದು ಅತ್ತರು. ಸ್ಫೂರ್ತಿಗೆ ಮೈ ಹಗುರಾಗಿ, ಕುರ್ಚಿಯ ಮೇಲೆ ಕೂತಿದ್ದರೂ ತೇಲುತ್ತಿದ್ದ ಹಾಗಿತ್ತು. ಅಪ್ಪ ಒಳಗೆ ಹೋಗಿ ತುಂಬ ಹೊತ್ತಾಯಿತು ಎಂಬುದು ಅವಳ ಗಮನಕ್ಕೆ ಬಂದದ್ದು ತಡವಾಗಿ.

ಶ್ರೀಗೌರಿ ಬಾಗಿಲು ತೆರೆದು ಅವರನ್ನೂ ಒಳಗೆ ಕರೆದರು. ರುದ್ರೇಶ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಅವನ ಹೃದಯದ ಗೋಡೆ ಒಂದು ಬದಿಗೆ ಹೆಚ್ಚು ದಪ್ಪವಾಗಿತ್ತು. ಅದು ಯಾವ ಅಭ್ಯಾಸದಿಂದಲೂ ಬಂದದ್ದಲ್ಲ. ತಮ್ಮನನ್ನು ಕೊಂಡೊಯ್ದ ಕಾಯಿಲೆ ಅಣ್ಣನಲ್ಲೂ ಇತ್ತು. ಇಷ್ಟು ವರ್ಷ ಸುಮ್ಮನೆ ಕೂತಿತ್ತು.

ಅವನು ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ಹಾಗಾದ್ರೆ ಇದು ನನ್ನಿಂದ ಇವಳಿಗೂ ಬಂದಿರುತ್ತಾ?"

"ಬಂದಿರಬಹುದು, ಬಂದಿಲ್ಲದೇನೂ ಇರಬಹುದು. ಇವಳ ಗೋಡೆ ಇಳಿದಿದ್ದು ಒಳ್ಳೇ ಸೂಚನೆ. ಖಚಿತ ಮಾಡ್ಕೊಳ್ಳೋಕೆ ಇಬ್ಬರ ರಕ್ತಾನೂ ಬೆಂಗಳೂರಿಗೆ ಕಳಿಸ್ತೀನಿ. ಅಲ್ಲೀವರೆಗೆ ನೀರು ಬೇಡ."

ಅನುಮತಿ ಬಂದ ಗಳಿಗೆಯಲ್ಲೇ ಕೈತಪ್ಪಿತ್ತು. ಆದರೆ ಆ ವಾರಗಳಲ್ಲಿ ತನಗೆ ಕೊಳದ ನೆನಪೇ ಆಗಲಿಲ್ಲ ಎಂದು ಸ್ಫೂರ್ತಿ ಹೇಳುತ್ತಾಳೆ. ಅಪ್ಪ ಮಾತ್ರೆ ನುಂಗಿದನೇ, ಭಾರ ಎತ್ತಿದನೇ ಎಂದು ನೋಡುವುದರಲ್ಲೇ ದಿನ ಕಳೆಯುತ್ತಿತ್ತು. ಅಂಗಡಿಯಲ್ಲಿ ಸರಪಳಿ ರಾಟೆ ಕಟ್ಟಿಸಿದಳು, ಮೋಟರುಗಳನ್ನು ಕೈಯಲ್ಲೆತ್ತದೆ ಎಳೆದು ಮೇಲಿಡಲು. ರುದ್ರೇಶ್ ಮೊದಮೊದಲು ಗೊಣಗಿದ. "ಇದೇನು, ನನ್ನನ್ನ ಮುದುಕರ ಲೆಕ್ಕಕ್ಕೆ ಸೇರಿಸ್ಬಿಟ್ಟೆ." ಆಮೇಲೆ ರಾಟೆಯಿಲ್ಲದೆ ಕೆಲಸ ಮಾಡಿದ್ದೇ ಮರೆತುಹೋಯಿತು.

ಆಗಸ್ಟ್ ಕೊನೆಗೆ ಫೋನು ಬಂತು. ವಂಶದ ದೋಷ ಅಪ್ಪನ ರಕ್ತದಲ್ಲಿ ಸಿಕ್ಕಿತ್ತು, ಮಗಳ ರಕ್ತದಲ್ಲಿ ಇರಲಿಲ್ಲ. ಅವಳ ಹೃದಯ ದೊಡ್ಡದಾಗಿದ್ದದ್ದು ನೀರಿನಿಂದಲೇ. ಫೋನಿಟ್ಟು ರುದ್ರೇಶ್ ಬೀದಿಗಿಳಿದು, ಪಕ್ಕದ ಬೇಕರಿಯಲ್ಲಿದ್ದ ಮೈಸೂರುಪಾಕನ್ನೆಲ್ಲ ಕಟ್ಟಿಸಿಕೊಂಡು, ಗುರುತಿದ್ದವರಿಗೂ ಇಲ್ಲದವರಿಗೂ ಹಂಚಿದ. ಯಾಕೆಂದು ಕೇಳಿದವರಿಗೆ, "ಮಗಳು ಪಾಸಾದಳು," ಎಂದ. ತನ್ನ ಕಾಯಿಲೆಯ ಮಾತನ್ನು ಯಾರಿಗೂ ಆಡಲಿಲ್ಲ.

ಸೆಪ್ಟೆಂಬರಿನಲ್ಲಿ ಸ್ಫೂರ್ತಿ ಮತ್ತೆ ನೀರಿಗಿಳಿದಳು. ನಾಲ್ಕು ಸಲ ಆಚೀಚೆ ಹೋಗುವಷ್ಟರಲ್ಲಿ ಏದುಸಿರು. ಎದೆ ಡೋಲಿನಂತೆ ಬಡಿಯಿತು, ತೋಳುಗಳು ಮರದ ತುಂಡಾದವು. ಅವಳಿಗಿಂತ ಚಿಕ್ಕವರು ಪಕ್ಕದಲ್ಲೇ ದಾಟಿಹೋದರು. ಗೋಡೆ ಹಿಡಿದು ನಿಂತಳು.

"ಎಲ್ಲಾ ಹೋಯ್ತು ಸರ್," ಎಂದಳು.

ಶಂಕರನಾರಾಯಣ ಮಂಡಿಯೂರಿ ಬಗ್ಗಿದರು. "ಹೋಗಿದ್ದಕ್ಕೇ ಅಲ್ವೇನಮ್ಮ ನೀನು ಇಲ್ಲಿರೋದು? ಅಂಗಾತ ಮಲಕ್ಕೋ. ಇವತ್ತು ಈಜಬೇಡ, ಸುಮ್ಮನೆ ತೇಲು."

ಅವಳು ಬೆನ್ನ ಮೇಲೆ ಮಲಗಿದಳು. ಕಿವಿ ಮುಳುಗಿ ಊರಿನ ಸದ್ದೆಲ್ಲ ನಿಂತಿತು. ಮೇಲೆ ಮೋಡ ಹರಿದು ನೀಲಿ ಕಾಣುತ್ತಿತ್ತು. ಉಸಿರು ಎಳೆದಾಗ ಮೈ ಒಂದಿಷ್ಟು ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ನೀರು ಎಲ್ಲಿ ಮುಗಿಯಿತು, ತಾನೆಲ್ಲಿ ಶುರುವಾದೆ ಎಂದು ಗೊತ್ತಾಗದಷ್ಟು ಹೊತ್ತು ಹಾಗೇ ಇದ್ದಳಂತೆ.

ಹಳೆಯ ಬಲ ಬರಲು ವರ್ಷ ಹಿಡಿಯಿತು. ಬಿ.ಎಸ್ಸಿ. ಓದುವಾಗ ವಿಶ್ವವಿದ್ಯಾಲಯದ ಕೂಟದಲ್ಲಿ ಎಂಟುನೂರು ಮೀಟರಿಗೆ ಮೂರನೆಯವಳಾದಳು. ಅದಕ್ಕಿಂತ ಮೇಲಿನ ಪದಕ ಅವಳಿಗೆ ಯಾವತ್ತೂ ಬರಲಿಲ್ಲ. ಅದರ ಬಗ್ಗೆ ಅವಳಿಗೆ ಕೊರಗಿದ್ದಂತೆ ನನಗೆ ಕಂಡಿಲ್ಲ. ಓದು ಮುಗಿಸಿ, ತರಬೇತಿ ಪಡೆದು, ಈಗ ಅದೇ ಕೊಳದಲ್ಲಿ ಮಕ್ಕಳ ಬೆಳಗಿನ ಬ್ಯಾಚಿಗೆ ಅವಳೇ ಟೀಚರು. ಪ್ರತಿ ವರ್ಷ ಹೊಸ ಮಕ್ಕಳು ಸೇರುವಾಗ ಡಾ. ಪ್ರಣವ ಯಂತ್ರ ಹೊತ್ತು ಬಂದು ಎಲ್ಲರ ಇಸಿಜಿ ತೆಗೆದುಕೊಡುತ್ತಾರೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದಾರೆಯೇ ಎಂದು ತಾಯಂದಿರನ್ನು ಒಬ್ಬೊಬ್ಬರಾಗಿ ಕೇಳುವವಳು ಸ್ಫೂರ್ತಿ. ಕೇಳುವಾಗ ಅವಳ ದನಿ ತಗ್ಗುತ್ತದೆ.

ರುದ್ರೇಶ್ ಚೆನ್ನಾಗಿದ್ದಾನೆ. ಮಾತ್ರೆ ತಪ್ಪಿಸುವುದಿಲ್ಲ. ಭಾನುವಾರ ಮೊದಲ ಬಸ್ಸಿಗೆ ಬಂದು ಕೊಳದ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುತ್ತಾನೆ. ಹೋದ ತಿಂಗಳು ಮೊಮ್ಮಗಳನ್ನು ಸೇರಿಸಲು ನಾನೂ ಹೋಗಿದ್ದೆ. ನೀರಿನ ಮೇಲೆ ತೆಳುವಾದ ಮಂಜಿತ್ತು. ಪುಟ್ಟ ಮಕ್ಕಳು ಕಂಬಿ ಹಿಡಿದು ಸಾಲಾಗಿ ಕಾಲು ಬಡಿಯುತ್ತಿದ್ದರು. ನಮ್ಮ ಹುಡುಗಿ ಹೆದರಿ ಅಳತೊಡಗಿದಳು. ಸ್ಫೂರ್ತಿ ಅವಳನ್ನು ಎತ್ತಿ, ಬೆನ್ನ ಕೆಳಗೆ ಒಂದು ಅಂಗೈ ಕೊಟ್ಟು, ನೀರಿನ ಮೇಲೆ ಮೆಲ್ಲಗೆ ಮಲಗಿಸಿದಳು. ಅಳು ಸಣ್ಣದಾಗುತ್ತಾ ಬಂತು. ರುದ್ರೇಶ್ ನನ್ನ ಕಡೆ ತಿರುಗಿ, "ನೋಡಿ, ನೋಡಿ, ಕೈ ತೆಗೀತಾಳೆ ಈಗ," ಎಂದು ಪಿಸುಗುಟ್ಟಿದ.

ಅವಳು ಕೈ ತೆಗೆದಳು. ಮಗು ತೇಲುತ್ತಲೇ ಇತ್ತು.